ಶಾಲೆ ತಪ್ಪಿಸಿ ಕೊಯಿಪ್ಪಾಡಿ ಕಡಲಕರೆಯಲ್ಲಿ ಹಾರ್ಮೋನಿಯಂ ಬಾರಿಸಿದ ದಿನಗಳು: ಮೂರು ಮನೆ ಮೂಕವಾಗಿವೆ, ತೊಟ್ಟಿಲು ಎಲ್ಲಿತ್ತು?

ಕೊಯಿಪ್ಪಾಡಿಯವ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಕುಂಬಳೆಯ ಪಡುವಣ ಬದಿಯ ಕೊಯಿಪ್ಪಾಡಿ ನನ್ನ ಊರು. 1981ರ ಮಾರ್ಚಿನಲ್ಲಿ ಕನ್ನಡ ಮಾಧ್ಯಮದಲ್ಲಿ ಎಸ್ಸೆಸ್ಸೆಲ್ಸಿ ಬರೆದವನು ನಾನು. ಕಾಸರಗೋಡು ಪ್ರತ್ಯೇಕ ಜಿಲ್ಲೆಯಾದದ್ದು 1984ರಲ್ಲಿ. ಆಗ ನಾವು ಇನ್ನೂ ಕಣ್ಣೂರು ಜಿಲ್ಲೆಯವರು. ಕಳೆದ ತಿಂಗಳು ನನ್ನ ಸೋದರಮಾವನ ಹಳೆಯ ಮನೆಯನ್ನು ಕೆಡವುವುದಕ್ಕೆ ಮೊದಲು ಅಟ್ಟದ ಸಾಮಾನುಗಳನ್ನು ಇಳಿಸಿದಾಗ, ಅಡಿಕೆ ಹಾಳೆಗಳ ಕಟ್ಟಿನ ಹಿಂದಿನಿಂದ ಅವರ ಹಾರ್ಮೋನಿಯಂ ಹೊರಬಂದು ನನ್ನ ಪಾಲಿಗೆ ದಕ್ಕಿತು. ಅದರ ಕುರಿತು ಒಂದು ಪ್ರಶ್ನೆಯಿದೆ. ಅದಕ್ಕೆ ಅಂಟಿಕೊಂಡ ನೆನಪಿನ ಕುರಿತು ಇನ್ನೊಂದು ಪ್ರಶ್ನೆಯಿದೆ. ಎರಡನೆಯದು ನನ್ನ ನಿದ್ದೆಯನ್ನು ಹೆಚ್ಚು ಕೆಡಿಸಿದೆ ಎಂದು ಒಪ್ಪಿಕೊಳ್ಳುತ್ತೇನೆ.

ಮಾವ ಮುಂಬಯಿಯ ಒಂದು ಹೋಟೆಲಿನಲ್ಲಿ ಕೆಲಸಕ್ಕಿದ್ದರು. ವರ್ಷಕ್ಕೊಮ್ಮೆ ಬೇಸಗೆಯಲ್ಲಿ ಊರಿಗೆ ಬಂದಾಗ ಮಾತ್ರ ಭಜನೆಗೆ ಆ ಪೆಟ್ಟಿಗೆಯನ್ನು ಇಳಿಸುತ್ತಿದ್ದರು. ಉಳಿದ ಹತ್ತು ಹನ್ನೊಂದು ತಿಂಗಳು ಅದು ಅಟ್ಟದಲ್ಲಿ ಸುಮ್ಮನೆ ಕೂತಿರುವುದನ್ನು ನೋಡಲಾಗದೆ ನಾನು ಅದನ್ನು ಗೋಣಿಚೀಲಕ್ಕೆ ತುರುಕಿ, ಮೇಲೆ ನಾಲ್ಕು ತೆಂಗಿನ ಸಿಪ್ಪೆ ಹರಡಿ, ರೈಲುಹಳಿ ದಾಟಿ ಕಡಲಕರೆಗೆ ಒಯ್ಯುತ್ತಿದ್ದೆ. ಅಲ್ಲಿ ಮಳೆಗಾಲಕ್ಕೆ ದೋಣಿ ಎಳೆದಿಡುವ, ತೆಂಗಿನ ಮಡಲಿನ ಕೊಟ್ಟಿಗೆಯೊಂದಿತ್ತು. ಮೀನುಗಾರಿಕೆ ನಡೆಯುವ ತಿಂಗಳುಗಳಲ್ಲಿ ದೋಣಿ ಹೊರಗಿರುವುದರಿಂದ ಕೊಟ್ಟಿಗೆ ಖಾಲಿ. ಜತೆಗಾರ ಮೊಗ್ರಾಲಿನವನು, ಹಿಂದಿನ ಬೆಂಚಿನಲ್ಲಿ ನನ್ನ ಪಕ್ಕ ಕೂರುತ್ತಿದ್ದ. ತಾಳಕ್ಕೆ ಮೀನಿನ ಮರದ ಪೆಟ್ಟಿಗೆಯನ್ನು ಬೋರಲು ಹಾಕಿಕೊಳ್ಳುತ್ತಿದ್ದ.

ಶಾಲೆ ತಪ್ಪಿಸುವುದರಲ್ಲಿಯೂ ಒಂದು ಕ್ರಮವಿತ್ತು ಎಂದರೆ ಇಂದಿನವರು ನಗಬಹುದು. ನಾವು ಯಾವತ್ತೂ ಮಧ್ಯಾಹ್ನದ ಮೇಲೆ ಚಕ್ಕರ್ ಹೊಡೆದವರಲ್ಲ. ಮಧ್ಯಾಹ್ನ ಕಳೆದರೆ ಪಡುಗಾಳಿ ಎದ್ದು ಹಾರ್ಮೋನಿಯಮ್ಮಿನ ಸದ್ದನ್ನು ನೇರವಾಗಿ ಮನೆಗಳ ಜಗಲಿಗೆ ತಂದು ಸುರಿಯುತ್ತಿತ್ತು. ಬೆಳಗಿನ ಹೊತ್ತು ಮೂಡುಗಾಳಿ. ಏನು ಬಾರಿಸಿದರೂ ಅದು ಅರಬ್ಬಿ ಸಮುದ್ರದ ಪಾಲು. ಹಾಗಾಗಿ ಮೊದಲ ಗಂಟೆಗಳಲ್ಲಿ ಬರುವ ಗಣಿತ ಮತ್ತು ವಿಜ್ಞಾನ ಕಳೆದುಹೋಗಿ, ಮಧ್ಯಾಹ್ನದ ಮೇಲಿನ ಸಮಾಜಪಾಠ ಮತ್ತು ಕ್ರಾಫ್ಟು ಮಾತ್ರ ನಮಗೆ ಚೆನ್ನಾಗಿ ಬಂದವು. ವಿದ್ಯಾರ್ಥಿಗಳ ಸಮರ, ಎಂದರೆ ಮುಷ್ಕರ, ಘೋಷಣೆಯಾದ ದಿನಗಳಲ್ಲಂತೂ ತಪ್ಪಿಸುವ ಕಷ್ಟವೇ ಇರಲಿಲ್ಲ. ಆ ವಿಷಯದಲ್ಲಿ ಕೇರಳ ರಾಜ್ಯ ನಮ್ಮ ಸಂಗೀತಾಭ್ಯಾಸಕ್ಕೆ ಬಹಳ ಅನುಕೂಲ ಮಾಡಿಕೊಟ್ಟಿತ್ತು.

ಅಲ್ಲಿ ನಾವು ಕಲಿತ ಒಂದೇ ಒಂದು ಸಂಗತಿಯನ್ನು ಇಲ್ಲಿ ಬರೆಯಬೇಕು. ಯಕ್ಷಗಾನ ಕವಿ ಪಾರ್ತಿಸುಬ್ಬನ ಊರಾದ ಕುಂಬಳೆಯಲ್ಲಿ ಹುಟ್ಟಿದ ನನಗೆ ಯಕ್ಷಗಾನದ ಪದಗಳ ಮಟ್ಟು, ಎಂದರೆ ಹಾಡುವ ಧಾಟಿ, ಕಿವಿಯಲ್ಲಿಯೇ ಇತ್ತು. ಮಲಬಾರಿನ ಮುಸ್ಲಿಮರ ಹಾಡುಗಳಾದ ಮಾಪ್ಪಿಳ ಪಾಟ್ಟಿಗೆ ಹೆಸರಾದ ಮೊಗ್ರಾಲಿನಲ್ಲಿ ಹುಟ್ಟಿದ ಅವನಿಗೆ ಇಶಲ್ ಕಿವಿಯಲ್ಲಿಯೇ ಇತ್ತು. ಒಂದು ದಿನ ಅವನು ಹಾಡಿದ ಇಶಲಿಗೆ ನಾನು ಸುಮ್ಮನೆ ತಮಾಷೆಗೆ, ನಮ್ಮ ಹೆಡ್ಮಾಷ್ಟ್ರ ಕೊಡೆಯ ಮೇಲೆ ಕನ್ನಡದಲ್ಲಿ ನಾಲ್ಕು ಸಾಲು ಕಟ್ಟಿ ಸೇರಿಸಿದೆ. ಒಂದು ಮಾತ್ರೆಯೂ ಹೆಚ್ಚಾಗಲಿಲ್ಲ, ಕಡಿಮೆಯಾಗಲಿಲ್ಲ. ನಾವು ಎರಡನೆಯ ಅಕ್ಷರಕ್ಕೆ ಪ್ರಾಸ ಇಡುತ್ತೇವೆ ಎಂದೆ. ಅದಕ್ಕೆ ಅವನು, ತಮ್ಮಲ್ಲಿಯೂ ಉಂಟು, ಅದಕ್ಕೆ ಕಳುತ್ತ್ ಎನ್ನುತ್ತಾರೆ, ಎಂದರೆ ಕುತ್ತಿಗೆ ಎಂದ. ನಾವು ಮಟ್ಟು ಎನ್ನುವುದನ್ನು ಅವರು ಇಶಲ್ ಎನ್ನುತ್ತಾರೆ ಎಂಬುದನ್ನು ಯಾವ ಪಾಠಪುಸ್ತಕವೂ ನಮಗೆ ಹೇಳಿರಲಿಲ್ಲ. ಒಂದೂವರೆ ವರ್ಷದಲ್ಲಿ ಹೀಗೆ ಹನ್ನೊಂದು ಹಾಡು ಕಟ್ಟಿದೆವು. ಈಗ ಎರಡೂವರೆ ನೆನಪಿದೆ.

ಇನ್ನು ಪ್ರಶ್ನೆಗಳು. 1980ರ ಸೆಪ್ಟೆಂಬರಿನ ಒಂದು ಹುಣ್ಣಿಮೆಯ ರಾತ್ರಿ ಪೆಟ್ಟಿಗೆಯನ್ನು ಕೊಟ್ಟಿಗೆಯಲ್ಲಿಯೇ ಬಿಟ್ಟುಹೋದ ನಮ್ಮ ಬುದ್ಧಿಗೇಡಿತನದಿಂದ, ಏರಿದ ನೀರು ಒಳನುಗ್ಗಿ ಅದರ ತಳ ತೊಯ್ದಿತು. ಒಣಗಿಸಿ, ಒರಸಿ ಅಟ್ಟಕ್ಕೇರಿಸಿದೆವು. ಮೇ ತಿಂಗಳಲ್ಲಿ ಬಂದ ಮಾವ ಅದನ್ನು ಬಾರಿಸಿ ನೋಡಿ, ನನ್ನ ಕಡೆ ತಿರುಗದೆಯೇ, "ಮೂರು ಮನೆಗೆ ಬೀಗ ಬಿದ್ದಿದೆ. ಒಕ್ಕಲು ಎಬ್ಬಿಸಿದ್ದು ಯಾರೋ?" ಎಂದರು. ಮನೆ ಎಂದರೆ ಸ್ವರಕ್ಕಾಗಿ ಬೆರಳಿನಿಂದ ಒತ್ತುವ ಕೀಲಿ. ಆ ಮೂರು ಮನೆಗಳು, ಎಂದರೆ ಮಂದ್ರದ ಎರಡು ಮತ್ತು ನಡುವಿನ ಸ್ಥಾಯಿಯ ಒಂದು, ಇಂದಿಗೂ ಮೂಕ. ಒತ್ತಿದರೆ ತಿದಿಯ ಗಾಳಿ ಹೋಗುವ ಸದ್ದು ಮಾತ್ರ ಕೇಳಿಸುತ್ತದೆ. ಇದನ್ನು ಮನೆಯಲ್ಲಿಯೇ ಬಿಚ್ಚಿ ನೋಡಬಹುದೆ, ಅಥವಾ ಕೈಹಾಕದೆ ಬಲ್ಲವರಿಗೆ ಕೊಡಬೇಕೆ?

ಎರಡನೆಯದು. ಕಡಲಕರೆಯಲ್ಲಿ ಆ ಕಾಲದಲ್ಲಿ ಜಾತ್ರೆಯ ದೊಡ್ಡ ತೊಟ್ಟಿಲು, ಎಂದರೆ ಜಾಯಿಂಟ್ ವೀಲ್, ತಿರುಗುತ್ತಿತ್ತು, ಬಾವಿಯಂಥ ಗೋಡೆಯ ಮೇಲೆ ಸವಾರ ಸುತ್ತುವ ಮರಣಬಾವಿಯ ಮೋಟಾರ್ ಸೈಕಲ್ ಸದ್ದಿಗೆ ನಾವು ಶ್ರುತಿ ಸೇರಿಸುತ್ತಿದ್ದೆವು ಎಂದು ನಾನು ಮೊಮ್ಮಗಳಿಗೆ ಹೇಳಿದೆ. ಜಾಗ ತೋರಿಸಲು ಕರೆದುಕೊಂಡು ಹೋದರೆ ಅಲ್ಲಿ ಜಾಗವೇ ಇಲ್ಲ; ಕೊಟ್ಟಿಗೆಯಿದ್ದಲ್ಲಿ ಈಗ ಕಡಲ್ಕೊರೆತಕ್ಕೆ ಸುರಿದ ಕಗ್ಗಲ್ಲಿನ ರಾಶಿ, ಅದರಾಚೆ ನೀರು. ಅವಳು ಕಲ್ಲಿನ ಮೇಲೆ ನಿಂತು, "ಅಜ್ಜ, ಇಷ್ಟು ಸಣ್ಣ ಜಾಗದಲ್ಲಿ ತೊಟ್ಟಿಲು ಹೇಗೆ ನಿಂತಿತ್ತು?" ಎಂದು ಕೇಳಿದಳು. ನನ್ನಲ್ಲಿ ಉತ್ತರವಿರಲಿಲ್ಲ. ಆ ಕಾಲದವರು ಯಾರಾದರೂ ಇದ್ದರೆ ದಯವಿಟ್ಟು ತಿಳಿಸಿ.

ಬದಿಯಡ್ಕ ಶ್ರುತಿಪೆಟ್ಟಿಗೆ

ಮಾನ್ಯರೆ, ಮೊದಲ ಪ್ರಶ್ನೆಗೆ ಮಾತ್ರ ಉತ್ತರಿಸುತ್ತೇನೆ. ನಾನು ಭಜನೆಗಳಿಗೂ ತಾಳಮದ್ದಳೆ ಕೂಟಗಳಿಗೂ ಹಾರ್ಮೋನಿಯಂ ಒಯ್ಯುವವನು. ರಿಪೇರಿ ನನ್ನ ಕಸುಬಲ್ಲವಾದರೂ ಕರಾವಳಿಯ ಹವೆಯಲ್ಲಿ ಈ ವಾದ್ಯವನ್ನು ಇಟ್ಟುಕೊಂಡವನು ಅರ್ಧ ರಿಪೇರಿಯವನಾಗದೆ ಬೇರೆ ದಾರಿಯಿಲ್ಲ.

ಮನೆ ಒತ್ತಿದಾಗ ಗಾಳಿಯ ಸದ್ದು ಬರುತ್ತದೆ ಎಂದು ಬರೆದಿದ್ದೀರಿ. ಇದು ಒಳ್ಳೆಯ ಲಕ್ಷಣ. ತಿದಿ ಹರಿದಿಲ್ಲ, ಮನೆಯ ಕೆಳಗಿನ ಮುಚ್ಚಳ ಏಳುತ್ತಿದೆ, ಗಾಳಿ ರೀಡಿನವರೆಗೆ ಬರುತ್ತಿದೆ. ಆದರೆ ರೀಡಿನ ನಾಲಗೆ ಅಲುಗುತ್ತಿಲ್ಲ ಎಂದರ್ಥ. ರೀಡು ಎಂದರೆ ಒಂದು ಹಿತ್ತಾಳೆಯ ಪಟ್ಟಿ, ಅದರ ನಡುವೆ ಸೀಳಿದ ಉದ್ದನೆಯ ಕಿಂಡಿ, ಕಿಂಡಿಯ ಮೇಲೆ ಒಂದು ತುದಿಯಲ್ಲಿ ಮಾತ್ರ ಬಡಿದು ಕೂರಿಸಿದ ತೆಳು ಹಿತ್ತಾಳೆಯ ನಾಲಗೆ. ನಾಲಗೆಗೂ ಕಿಂಡಿಯ ಅಂಚಿಗೂ ನಡುವೆ ಇರುವ ಸಂದು ಕೂದಲೆಳೆಯಷ್ಟು. ಅಲ್ಲಿ ಹೊಯಿಗೆಯ, ಎಂದರೆ ಮರಳಿನ, ಒಂದೇ ಒಂದು ಕಾಳು ಸಿಕ್ಕಿಕೊಂಡರೂ ನಾಲಗೆ ಹಿಡಿದುಕೊಳ್ಳುತ್ತದೆ, ಸ್ವರ ಹೊರಡುವುದಿಲ್ಲ. ನಿಮ್ಮ ಪೆಟ್ಟಿಗೆಗೆ ಸಮುದ್ರದ ನೀರು ನುಗ್ಗಿದ್ದರಿಂದ ಹೊಯಿಗೆಯೋ ಉಪ್ಪಿನ ಹರಳೋ ಹಸಿರು ಕಿಲುಬೋ ಅಲ್ಲಿ ಕೂತಿರಬೇಕು.

ಬಿಚ್ಚುವುದಾದರೆ ಬಿಸಿಲಿರುವ, ತೇವವಿಲ್ಲದ ದಿನ ಬಿಚ್ಚಿ. ಮೇಲಿನ ಹಲಗೆ ತೆಗೆದು ರೀಡುಗಳ ಹಲಗೆಯನ್ನು ಹೊರತೆಗೆದ ಮೇಲೆ ಪ್ರತಿ ರೀಡಿಗೂ ಎರಡೆರಡು ಸಣ್ಣ ತಿರುಪುಗಳು ಕಾಣಿಸುತ್ತವೆ. ಮೂಕವಾದ ಮೂರನ್ನು ಮಾತ್ರ ತೆಗೆಯಿರಿ. ಮತ್ತೊಂದನ್ನು ಮುಟ್ಟುವ ಆಸೆ ಖಂಡಿತ ಬರುತ್ತದೆ, ಬಂದರೆ ಎದ್ದು ಒಂದು ಲೋಟ ಚಹಾ ಕುಡಿದು ಬನ್ನಿ. ತೆಗೆದದ್ದನ್ನು ಬೆಳಕಿಗೆ ಹಿಡಿದರೆ ಕಿಂಡಿಯ ಸುತ್ತ ಸಣ್ಣ ಬೆಳಕಿನ ಗೆರೆ ಕಾಣಬೇಕು. ಗೆರೆ ಎಲ್ಲಿ ತುಂಡಾಗಿದೆಯೋ ಅಲ್ಲಿ ತಡೆಯಿದೆ. ಗಟ್ಟಿ ಕಾಗದದ ಚೂಪು ತುದಿಯನ್ನು ನಾಲಗೆಯ ಕೆಳಗೆ ತೂರಿಸಿ ಮೆಲ್ಲಗೆ ಎಳೆಯಿರಿ. ಚಿತ್ರಕಾರರ ಮೆತ್ತನೆಯ ಕುಂಚದಿಂದ ಗುಡಿಸಿ. ನಾಲಗೆಯ ತುದಿ ಪಟ್ಟಿಯಿಂದ ತುಸುವೇ ಮೇಲೆದ್ದು ನಿಂತಿರಬೇಕು. ಪೂರ್ತಿ ಚಪ್ಪಟೆಯಾಗಿ ಮಲಗಿದ್ದರೆ ಗಾಳಿ ಎಷ್ಟು ಬಂದರೂ ಅದು ಏಳುವುದಿಲ್ಲ.

ಎಣ್ಣೆ ಹಾಕಬೇಡಿ. ತೆಂಗಿನೆಣ್ಣೆಯಂತೂ ಬೇಡವೇ ಬೇಡ. ನಮ್ಮೂರಿನಲ್ಲಿ ಬಾಗಿಲ ತಿರುಗಣೆಯಿಂದ ಮೊಣಕಾಲಿನವರೆಗೆ ಎಲ್ಲದಕ್ಕೂ ಅದೇ ಔಷಧವಾಗಿರುವುದರಿಂದ ಮೊದಲೇ ಹೇಳಿಬಿಡುತ್ತೇನೆ. ಎಣ್ಣೆ ತಾಗಿದರೆ ನಾಲಗೆಯ ಭಾರ ಬದಲಾಗಿ ಶ್ರುತಿ ಇಳಿಯುತ್ತದೆ, ಮೇಲೆ ಧೂಳೂ ಕೂರುತ್ತದೆ. ಮರಳುಕಾಗದದಲ್ಲಿ ಉಜ್ಜುವುದೂ ಬೇಡ. ನಾಲಗೆಯ ತುದಿಯಲ್ಲಿ ಕೆರೆದರೆ ಶ್ರುತಿ ಏರುತ್ತದೆ, ಬುಡದಲ್ಲಿ ಕೆರೆದರೆ ಇಳಿಯುತ್ತದೆ. ಶ್ರುತಿ ಮಾಡುವವರು ಈ ಲೆಕ್ಕದ ಮೇಲೆಯೇ ಕೆಲಸ ಮಾಡುತ್ತಾರೆ. ನಾವು ಹೊಳಪು ಬರಿಸಲು ಹೊರಟು ಪಂಚಮವನ್ನು ಧೈವತದ ಕಡೆ ತಳ್ಳಿಬಿಡುತ್ತೇವೆ. ನಾಲಗೆ ಬಿರುಕು ಬಿಟ್ಟಿದ್ದರೆ ಅಥವಾ ಮುರಿದಿದ್ದರೆ ನಿಮ್ಮ ಕೈಲಿ ಆಗುವುದಿಲ್ಲ. ಅದೇ ಅಳತೆಯ ರೀಡು ಹುಡುಕಿ, ಪಕ್ಕದ ಸ್ವರಗಳಿಗೆ ಹೊಂದಿಸಿ ಕೂರಿಸಬೇಕು. ಮನೆಗಳ ಕೆಳಗಿನ ಉಕ್ಕಿನ ಸ್ಪ್ರಿಂಗುಗಳನ್ನೂ ಒಮ್ಮೆ ನೋಡಿ, ಉಪ್ಪುಗಾಳಿಗೆ ಮೊದಲು ಬಲಿಯಾಗುವುದು ಅವೇ.

ನಿಮ್ಮ ಚಕ್ಕರಿಗೆ ತಕ್ಕ ವಾದ್ಯವನ್ನೇ ನೀವು ಆರಿಸಿಕೊಂಡಿದ್ದಿರಿ ಎಂದು ಓದುವಾಗ ಅನಿಸಿತು. 1940ರಲ್ಲಿ ಆಕಾಶವಾಣಿ ಹಾರ್ಮೋನಿಯಮ್ಮನ್ನು ತನ್ನ ನಿಲಯಗಳಿಂದ ಹೊರಹಾಕಿತ್ತು; ಗಮಕ ಬಾರದ, ಸ್ವರಗಳ ನಡುವೆ ಜಾರಲಾಗದ ಪರದೇಶಿ ಪೆಟ್ಟಿಗೆ ಎಂಬುದು ಆರೋಪ. 1971ರಲ್ಲಿ ಆ ನಿಷೇಧ ಸಡಿಲವಾಯಿತು. ತರಗತಿಯಿಂದ ಹೊರಗುಳಿದ ಇಬ್ಬರು ಹುಡುಗರು, ಬಾನುಲಿಯಿಂದ ಹೊರಗುಳಿದಿದ್ದ ಒಂದು ಪೆಟ್ಟಿಗೆ. ಇದ್ದದ್ದನ್ನು ಹೇಳಿದೆ, ಬೇಸರಿಸಬೇಡಿ.

ಮುಂದಿನ ಬೆಂಚು

ನಿಮ್ಮ ಎರಡನೆಯ ಪ್ರಶ್ನೆಗೆ ನಾನು ಉತ್ತರ ಹೇಳಬಲ್ಲೆ. ಅದೇ ಶಾಲೆಯಲ್ಲಿ, ಅದೇ ವರ್ಷ, ಅದೇ ತರಗತಿಯ ಹುಡುಗಿಯರ ಸಾಲಿನಲ್ಲಿ ಕೂತಿದ್ದವಳು ನಾನು. ಹೆಸರು ಬರೆಯುವುದಿಲ್ಲ, ನಿಮ್ಮ ವಿಜ್ಞಾನದ ನೋಟ್ಸು ಪರೀಕ್ಷೆಗೆ ಮೊದಲು ಎಲ್ಲಿಂದ ಬರುತ್ತಿತ್ತು ಎಂದು ಜ್ಞಾಪಿಸಿಕೊಂಡರೆ ಗೊತ್ತಾದೀತು.

ತೊಟ್ಟಿಲು ಕಡಲಕರೆಯಲ್ಲಿ ಇರಲಿಲ್ಲ. ಅದು ಬರುತ್ತಿದ್ದದ್ದು ವರ್ಷಕ್ಕೊಮ್ಮೆ, ಮಕರ ಸಂಕ್ರಮಣದ ಹೊತ್ತಿಗೆ ಕಣಿಪುರ ಗೋಪಾಲಕೃಷ್ಣ ದೇವರ ಉತ್ಸವ ಆರಂಭವಾದಾಗ. ಆ ಉತ್ಸವದ ಸಿಡಿಮದ್ದಿನ ದಿನವಾದ ಕುಂಬಳೆ ಬೆಡಿಯ ಸಂತೆಯಲ್ಲಿ, ಪೇಟೆಯ ಬದಿಯ ಗಟ್ಟಿ ನೆಲದ ಗದ್ದೆಯಲ್ಲಿ ಅದನ್ನು ನಿಲ್ಲಿಸುತ್ತಿದ್ದರು. ಕೊಯ್ಲು ಮುಗಿದ ಗದ್ದೆಯಾದ್ದರಿಂದ ನೆಲ ಒಣಗಿ ಕಲ್ಲಿನಂತಾಗಿರುತ್ತಿತ್ತು. ಅಷ್ಟು ಭಾರದ ಕಬ್ಬಿಣದ ಚಕ್ರವನ್ನು ಜಾರುವ ಹೊಯಿಗೆಯ ಮೇಲೆ ನಿಲ್ಲಿಸುವ ಧೈರ್ಯ ಯಾವ ಗುತ್ತಿಗೆದಾರನಿಗೆ ಬಂದೀತು? ಮರಣಬಾವಿಯೂ ಅಲ್ಲಿಯೇ, ತೊಟ್ಟಿಲಿನ ಎಡಕ್ಕೆ. ನನಗೆ ಇದು ಇಷ್ಟು ಖಚಿತವಾಗಿ ಗೊತ್ತಿರುವುದಕ್ಕೆ ಕಾರಣವೂ ಸರಳ: ಕಡಲಕರೆಯಲ್ಲಿದ್ದಿದ್ದರೆ ನನ್ನನ್ನು ಅಲ್ಲಿಗೆ ಬಿಡುತ್ತಿರಲಿಲ್ಲ. ದೇವಸ್ಥಾನದ ಸಂತೆಯಾದ್ದರಿಂದ ಅಜ್ಜಿಯ ಜತೆ ಹೋಗಲು ಒಪ್ಪಿಗೆ ಸಿಕ್ಕಿತ್ತು. ಅಜ್ಜಿ ಕೆಳಗೆ ನಿಂತು ಸೆರಗಿನಲ್ಲಿ ನೆಲಗಡಲೆ ಹಿಡಿದುಕೊಂಡಿದ್ದರು. ನನ್ನ ತೊಟ್ಟಿಲು ಮೇಲಕ್ಕೆ ಹೋಗಿ ನಿಂತಾಗ ತೆಂಗಿನ ತಲೆಗಳ ಸಂದಿಯಲ್ಲಿ ಪಡುವಣಕ್ಕೆ ಎರಡು ದೀಪ ಕಂಡವು. ದೋಣಿಯ ದೀಪಗಳು. ಮತ್ತೆ ಕೆಳಗಿಳಿದಾಗ ತೆಂಗು ಅವನ್ನು ನುಂಗಿತು. ಮೂರು ಸುತ್ತಿನಲ್ಲಿ ಮೂರು ಸಲ ಹಾಗೆ ಕಂಡು ಮರೆಯಾದದ್ದನ್ನು ನಾನು ಲೆಕ್ಕವಿಟ್ಟಿದ್ದೇನೆ.

ಕಡಲಕರೆಯಲ್ಲಿ ಇದ್ದದ್ದು ಬೇರೆ. ಅಮಾವಾಸ್ಯೆಯ ಸಮುದ್ರಸ್ನಾನಕ್ಕೂ ಹಬ್ಬದ ಮರುದಿನದ ಸಂಜೆಗೂ ಜನ ಸೇರಿದಾಗ ಕೈಗಾಡಿಯಲ್ಲಿ ಬರುತ್ತಿದ್ದ ಸಣ್ಣ ಕುದುರೆ ತೊಟ್ಟಿಲು. ಮರದ ನಾಲ್ಕು ಕುದುರೆಗಳು, ಒಂದಕ್ಕೆ ಕಿವಿಯಿರಲಿಲ್ಲ. ಅದನ್ನು ತಿರುಗಿಸಲು ಯಂತ್ರವಿರಲಿಲ್ಲ, ಒಬ್ಬ ಮುದುಕರು ಹೊಯಿಗೆಯಲ್ಲಿ ಪಾದ ಹೂತುಕೊಂಡು ಸುತ್ತು ಬರುತ್ತಿದ್ದರು. ಸಾಬೂನಿನ ಮೇಲೆ ರಿಂಗು ಎಸೆಯುವ ಆಟ, ಬಲೂನಿಗೆ ಗುಂಡು ಹೊಡೆಯುವ ಹಲಗೆ, ಗೋಲಿಸೋಡ, ನನ್ನಾರಿ ಸರ್ಬತ್ತು, ಉಪ್ಪುನೀರಿನ ನೆಲ್ಲಿಕಾಯಿ. ಇಷ್ಟೇ. ನೀವು ಎರಡನ್ನೂ ಕಲಸಿಬಿಟ್ಟಿದ್ದೀರಿ. ಬೇಕಲದ ಬಳಿ ಪಳ್ಳಿಕ್ಕೆರೆಯ ಕಡಲಕರೆಗೆ ಮೊಮ್ಮಗಳನ್ನು ಕರೆದುಕೊಂಡು ಹೋಗಿದ್ದಿರೇನು? ಅಲ್ಲಿ ಈಗ ಮಕ್ಕಳ ಆಟದ ಸಾಮಾನುಗಳು ಹೊಯಿಗೆಯ ಪಕ್ಕದಲ್ಲಿಯೇ ಇವೆ. ಅದನ್ನು ನೋಡಿದ ಕಣ್ಣು ಹಳೆಯ ಚಿತ್ರವನ್ನು ತಿದ್ದಿರಲೂಬಹುದು.

ಇನ್ನೊಂದು ಮಾತು. ನಿಮ್ಮ ಗುಟ್ಟು ಗುಟ್ಟಾಗಿರಲಿಲ್ಲ. ಮೂಡುಗಾಳಿ ಪಡುಗಾಳಿಯ ನಿಮ್ಮ ಲೆಕ್ಕ ಬಹಳ ಚೆನ್ನಾಗಿದೆ, ಆದರೆ ಗಾಳಿ ತಿರುಗುವ ನಡುವಿನ ಹೊತ್ತೊಂದಿದೆ. ಆಗ ಎಲೆಯೂ ಅಲುಗುವುದಿಲ್ಲ, ಸಮುದ್ರವೂ ಸದ್ದು ಮಾಡುವುದಿಲ್ಲ. ಜ್ವರವೆಂದು ನಾನು ಮನೆಯಲ್ಲಿದ್ದ ಒಂದು ದಿನ, ಬಟ್ಟೆ ಒಗೆಯುವ ಕಲ್ಲಿನ ಬಳಿ ಅಮ್ಮನೂ ನಾನೂ ನಿಮ್ಮ ಹೆಡ್ಮಾಷ್ಟ್ರ ಕೊಡೆಯ ಹಾಡನ್ನು ಪೂರ್ತಿ ಕೇಳಿದೆವು. ಅಮ್ಮ ನಕ್ಕು, ಹುಡುಗರಲ್ಲವೆ, ಇರಲಿ ಎಂದರು. ನಾನು ಒಂದು ದಿನ ಶಾಲೆ ತಪ್ಪಿಸಿ ಕಡಲಕರೆಯಲ್ಲಿ ಕೂತು ಹಾಡಿದ್ದರೆ ಮರುದಿನದಿಂದ ಶಾಲೆಯೇ ಇರುತ್ತಿರಲಿಲ್ಲ. ನನಗೆ ನಿಮ್ಮ ಮೇಲೆ ಸಿಟ್ಟಿಲ್ಲ. ಆದರೆ ಹನ್ನೊಂದು ಹಾಡಿನಲ್ಲಿ ಎರಡೂವರೆ ನೆನಪಿದೆ ಎಂದು ಬರೆದಿದ್ದೀರಲ್ಲ, ಕೊಡೆಯ ಹಾಡಿನ ಮೂರನೆಯ ಚರಣ ನಿಮಗೆ ಮರೆತಿದ್ದರೆ ಕೇಳಿ, ನನಗೆ ಮರೆತಿಲ್ಲ.

ಮೊಗ್ರಾಲ್ ಇಶಲ್

ಮೀನಿನ ಪೆಟ್ಟಿಗೆ ಬಾರಿಸಿದವನು ನಾನೇ. ನಲವತ್ತು ವರ್ಷಗಳ ಮೇಲೆ ನೀನು ನನ್ನನ್ನು "ಜತೆಗಾರ" ಎಂದು ಒಂದೇ ಮಾತಿನಲ್ಲಿ ಮುಗಿಸಿದ್ದನ್ನು ನೋಡಿ ಬೇಸರವಾಯಿತು, ಮಾರಾಯ. ಇಶಲನ್ನು ಸರಿಯಾಗಿ ನೆನಪಿಟ್ಟುಕೊಂಡದ್ದನ್ನು ನೋಡಿ ಬೇಸರ ಹೋಯಿತು. ಈ ಚರ್ಚೆಯನ್ನು ನನಗೆ ಕಳುಹಿಸಿದ್ದು ನನ್ನ ತಂಗಿಯ ಮಗ.

ಮೊದಲು ಒಂದು ತಪ್ಪು ತಿಳಿವಳಿಕೆಯನ್ನು ಸರಿಪಡಿಸಬೇಕು. ನಾನು ಆ ವರ್ಷ ಫೇಲಾದೆ, ನೀನು ದಾಟಿದೆ. ಆರುನೂರರಲ್ಲಿ ಇನ್ನೂರ ಹತ್ತು ಬೇಕಿತ್ತು. ನನ್ನದು ಇನ್ನೂರಕ್ಕೆ ನಿಂತಿತು. ಆ ಮೇಲೆ ನೀನು ನನ್ನ ಮನೆಯ ಕಡೆ ಬಾರದೆ ಹೋದದ್ದು ಹಾರ್ಮೋನಿಯಮ್ಮಿನ ಪಾಪ ನಿನ್ನ ತಲೆಯ ಮೇಲಿದೆ ಎಂದುಕೊಂಡೇ ಎಂದು ನನಗೆ ಆಗಲೇ ಗೊತ್ತಾಗಿತ್ತು. ನಾನು ಫೇಲಾದದ್ದು ಸಂಗೀತದಿಂದಲ್ಲ. ಎಂಟನೆಯ ತರಗತಿಯಿಂದಲೇ ನನಗೆ ಬೀಜಗಣಿತ ತಲೆಗೆ ಹೋಗುತ್ತಿರಲಿಲ್ಲ. ಆಗ ನಾವು ಒಂದು ದಿನವೂ ಶಾಲೆ ತಪ್ಪಿಸಿರಲಿಲ್ಲ. ಎಲ್ಲ ಬೆಳಗುಗಳಲ್ಲಿಯೂ ತರಗತಿಯಲ್ಲಿ ಕೂತಿದ್ದರೆ ಇನ್ನೂರ ಐದು ಆಗುತ್ತಿತ್ತೋ ಏನೋ. ನಿನ್ನ ಮಾವನ ಪೆಟ್ಟಿಗೆ ತೊಯ್ದದ್ದು ಮಾತ್ರ ನಮ್ಮಿಬ್ಬರ ತಪ್ಪು. ಅಂದು ನಿನಗೆ ಹೊರಲು ಬೇಸರವಾಗಿತ್ತು. ಇಲ್ಲಿಯೇ ಇಡೋಣ ಎಂದವನು ನಾನು.

ಆಮೇಲೆ ಕೋಟಿಕುಳದ ಕಡೆಯ ಹಡಗಿನವರೊಬ್ಬರ ಮೂಲಕ ನನಗೆ ಕೆಲಸ ಸಿಕ್ಕಿತು. ಮೂವತ್ತು ವರ್ಷ ಸರಕು ಹಡಗುಗಳ ಅಡುಗೆಮನೆಯಲ್ಲಿ ಕಳೆದೆ. ನಿನಗೆ ಹೇಳಬೇಕೆಂದು ಬಹಳ ಕಾಲ ಇಟ್ಟುಕೊಂಡಿದ್ದ ಒಂದು ವಿಷಯವಿದೆ. ನಮ್ಮ ಹಡಗು ಒಮ್ಮೆ ಲಿವರ್‌ಪೂಲಿನಲ್ಲಿ ನಿಂತಾಗ ಅಲ್ಲಿಯ ಒಬ್ಬ ನನ್ನನ್ನು ಫೋರ್ತ್ಲಿನ್ ರಸ್ತೆಯ 20ನೆಯ ಮನೆಯ ಎದುರು ನಿಲ್ಲಿಸಿದ. ಸಾಲುಮನೆಗಳಲ್ಲಿ ಒಂದು ಸಾಧಾರಣ ಮನೆ. ಬೀಟಲ್ಸ್ ತಂಡದ ಪಾಲ್ ಮೆಕಾರ್ಟ್ನಿ ಹುಡುಗನಾಗಿದ್ದಾಗ ಅಲ್ಲಿದ್ದನಂತೆ. ಅವನ ಶಾಲೆಗೂ ಅದೇ ತಂಡದ ಜಾನ್ ಲೆನನ್ ಓದುತ್ತಿದ್ದ ಕಲಾಶಾಲೆಗೂ ಒಂದೇ ಗೋಡೆ. ತಂದೆ ಹತ್ತಿಯ ವ್ಯಾಪಾರದ ಕೆಲಸಕ್ಕೆ ಹೋದ ಹೊತ್ತು ನೋಡಿ ಇಬ್ಬರೂ ಶಾಲೆ ತಪ್ಪಿಸಿ ಆ ಮನೆಯಲ್ಲಿ ಗಿಟಾರ್ ಹಿಡಿದು ಹಾಡು ಕಟ್ಟುತ್ತಿದ್ದರು. ಇಬ್ಬರು ಭೇಟಿಯಾದದ್ದು 1957ರ ಜುಲೈಯಲ್ಲಿ, ಒಂದು ಇಗರ್ಜಿಯ ಜಾತ್ರೆಯಲ್ಲಿ. ಈಗ ಆ ಮನೆಯನ್ನು ಹಳೆಯ ಸ್ಮಾರಕಗಳನ್ನು ಕಾಯುವ ಅಲ್ಲಿಯ ಟ್ರಸ್ಟು ಕೊಂಡು ಕಾಪಾಡಿದೆ. ನಾನು ಬಾಗಿಲ ಎದುರು ನಿಂತು ನಮ್ಮ ಮಡಲಿನ ಕೊಟ್ಟಿಗೆಯನ್ನು ನೆನೆದುಕೊಂಡೆ. ಅದನ್ನು ಸಮುದ್ರ ಕೊಂಡಿತು.

ಅದೇ ಮರ್ಸಿ ನದಿಯ ಆಚೆ ದಡದಲ್ಲಿ ನ್ಯೂ ಬ್ರೈಟನ್ ಎಂಬ ಊರಿದೆ. ಜನ ದೋಣಿಯಲ್ಲಿ ದಾಟಿ ಕಡಲಕರೆಯ ಆಟಗಳಿಗೆ ಹೋಗುತ್ತಿದ್ದ ಜಾಗ. ಅಲ್ಲಿ 567 ಅಡಿ ಎತ್ತರದ ಉಕ್ಕಿನ ಗೋಪುರವೊಂದಿತ್ತಂತೆ. ಮೊದಲ ಮಹಾಯುದ್ಧದ ಕಾಲದಲ್ಲಿ ನೋಡಿಕೊಳ್ಳುವವರಿಲ್ಲದೆ ತುಕ್ಕು ಹಿಡಿದು, 1919ರಿಂದ ಅದನ್ನು ಬಿಚ್ಚಿ ಹಾಕಿದರು. ಕೆಳಗಿನ ನೃತ್ಯಶಾಲೆ ಉಳಿದಿತ್ತು, ಬೀಟಲ್ಸ್ ತಂಡ ಅಲ್ಲಿ ಎಷ್ಟೋ ಸಲ ಹಾಡಿದೆ. 1969ರಲ್ಲಿ ಅದೂ ಬೆಂಕಿಗೆ ಹೋಯಿತು. ಉಪ್ಪುಗಾಳಿಗೆ ನ್ಯೂ ಬ್ರೈಟನ್ನಿನ ಗೋಪುರವೂ ಒಂದೇ, ನಿನ್ನ ಮಾವನ ಸ್ಪ್ರಿಂಗೂ ಒಂದೇ. ಬದಿಯಡ್ಕದವರು ಹೇಳಿದಂತೆ ಸ್ಪ್ರಿಂಗುಗಳನ್ನು ನೋಡು.

ತೊಟ್ಟಿಲಿನ ವಿಷಯದಲ್ಲಿ ಮುಂದಿನ ಬೆಂಚಿನವರ ಮಾತೇ ಸರಿ. ಆದರೆ ಮರಣಬಾವಿಗೆ ನಾವು ಶ್ರುತಿ ಸೇರಿಸಿದ್ದೂ ನಿಜ. ಅದು ಬೆಡಿಯ ಮರುದಿನ. ಸಂತೆಯವರು ಸಾಮಾನು ಬಿಚ್ಚುವ ಮೊದಲು ಆ ಸವಾರ ತನ್ನ ಮೋಟಾರ್ ಸೈಕಲನ್ನು ಕಡಲಕರೆಗೆ ತಂದು ಒದ್ದೆ ಹೊಯಿಗೆಯ ಮೇಲೆ ಸುಮ್ಮನೆ ಆಚೆ ಈಚೆ ಓಡಿಸಿದ. ನೀನು ಅದರ ಗುಂಯ್‌ಗುಡುವಿಕೆಗೆ ಷಡ್ಜ ಹುಡುಕಿದೆ, ಕಪ್ಪು ಎರಡಕ್ಕೆ, ಎಂದರೆ ಎರಡನೆಯ ಕಪ್ಪು ಮನೆಗೆ, ಬಂದು ಕೂತಿತು. ವೇಗ ಹೆಚ್ಚಿಸಿದಾಗ ಕಪ್ಪು ಮೂರು. ಹಾಗಾಗಿ ಮೊಮ್ಮಗಳಿಗೆ ನೀನು ಹೇಳಿದ್ದರಲ್ಲಿ ಅರ್ಧ ಮಾತ್ರ ಸುಳ್ಳು.

ಕೊಯಿಪ್ಪಾಡಿಯವ

ಮೂವರಿಗೂ ಕೃತಜ್ಞತೆಗಳು. ಮುಂದಿನ ಬೆಂಚಿನವರೆ, ತಾವು ಯಾರೆಂದು ಗೊತ್ತಾಯಿತು. ಆ ನೋಟ್ಸಿಗೆ ಆಗ ಒಂದು ಮಾತು ಹೇಳದೆ ಹೋದದ್ದಕ್ಕೆ ಈಗ ನಾಚಿಕೆಯಾಗುತ್ತಿದೆ. ಪಳ್ಳಿಕ್ಕೆರೆಗೆ ಹೋದದ್ದೂ ನಿಜ, ಎರಡು ವರ್ಷದ ಹಿಂದೆ. ಮೊಮ್ಮಗಳಿಗೆ ತೊಟ್ಟಿಲು ಗದ್ದೆಯಲ್ಲಿತ್ತೆಂದು ತಿದ್ದಿ ಹೇಳಿದೆ. ಕಿವಿಯಿಲ್ಲದ ಕುದುರೆಯ ಬಗ್ಗೆ ಅವಳಿಗೆ ಹೆಚ್ಚು ಆಸಕ್ತಿ ಬಂದಿದೆ.

ಭಾನುವಾರ ಬಿಸಿಲು ಚೆನ್ನಾಗಿತ್ತು. ಜಗಲಿಯಲ್ಲಿ ಬಿಳಿ ಬೈರಾಸು ಹಾಸಿ ಪೆಟ್ಟಿಗೆಯನ್ನು ಬಿಚ್ಚಿದೆ. ನಡುವಿನ ಸ್ಥಾಯಿಯ ರೀಡನ್ನು ಬೆಳಕಿಗೆ ಹಿಡಿದರೆ ಗೆರೆ ಒಂದು ಕಡೆ ತುಂಡಾಗಿತ್ತು, ಬದಿಯಡ್ಕದವರು ಬರೆದಂತೆಯೇ. ಕಾಗದದ ತುದಿ ತೂರಿಸಿ ಎಳೆದಾಗ ಬೈರಾಸಿನ ಮೇಲೆ ಉದುರಿದ್ದು ಸಾಸಿವೆಗಿಂತ ಸಣ್ಣದಾದ ಒಂದು ಹೊಯಿಗೆಯ ಕಾಳು. ನಲವತ್ತು ವರ್ಷ ಒಂದು ಸ್ವರವನ್ನು ಹಿಡಿದಿಟ್ಟದ್ದು ಅದು. ಮೊಮ್ಮಗಳು ಭೂತಗನ್ನಡಿ ತಂದು ನೋಡಿದಳು. ನನಗೆ ನೋಡಲು ಕೊಡುವಾಗ ಗಾಳಿ ಬಂದು ಅದು ಎಲ್ಲಿಯೋ ಹೋಯಿತು. ರೀಡು ಕೂರಿಸಿ ಒತ್ತಿದೆ. ಸ್ವಲ್ಪ ಕೆಮ್ಮಿ, ಆಮೇಲೆ ನೆಟ್ಟಗೆ ಹಾಡಿತು. ಮಂದ್ರದ ಒಂದು ಮನೆಯಲ್ಲಿ ಹಸಿರು ಕಿಲುಬು. ಕುಂಚದಲ್ಲಿ ಗುಡಿಸಿದ ಮೇಲೆ ಅದೂ ಎದ್ದಿತು, ಶ್ರುತಿ ಕೂದಲೆಳೆಯಷ್ಟು ಕೆಳಗಿದೆ, ಇರಲಿ. ಇನ್ನೊಂದರ ನಾಲಗೆ ಬುಡದಲ್ಲಿಯೇ ಮುರಿದಿದೆ. ಅದನ್ನು ಕಾಗದದಲ್ಲಿ ಸುತ್ತಿ ಬೆಂಕಿಪೆಟ್ಟಿಗೆಯಲ್ಲಿ ಇಟ್ಟಿದ್ದೇನೆ. ಬದಿಯಡ್ಕದವರೆ, ತಾವು ಕೊಡುವ ಅಂಗಡಿ ಯಾವುದೆಂದು ಖಾಸಗಿಯಾಗಿ ತಿಳಿಸಿದರೆ ಉಪಕಾರ. ತೆಂಗಿನೆಣ್ಣೆಯ ಬಾಟಲಿ ಜಗಲಿಯ ಅಂಚಿನವರೆಗೆ ಬಂದಿತ್ತು, ನನ್ನ ಹೆಂಡತಿ ತಂದದ್ದು. ತಡೆದೆ.

ಮೊಗ್ರಾಲಿನವನೆ, ನಿನಗೆ ಏನು ಬರೆಯಲಿ? ಇನ್ನೂರ ಹತ್ತರ ವಿಷಯ ಬರೆದದ್ದಕ್ಕೆ ಉತ್ತರ ಕೂಡಿಬರುತ್ತಿಲ್ಲ, ಎದುರು ಸಿಕ್ಕಾಗ ಹೇಳುತ್ತೇನೆ. ಸಂಕ್ರಮಣಕ್ಕೆ ಊರಿಗೆ ಬಂದರೆ ಬೆಡಿಯ ಮರುದಿನ ಬೆಳಿಗ್ಗೆ, ಮೂಡುಗಾಳಿ ಇರುವಾಗ, ಕಲ್ಲಿನ ರಾಶಿಯ ಹತ್ತಿರ ಬಾ. ಮೀನಿನ ಪೆಟ್ಟಿಗೆ ಈಗ ಮರದ್ದು ಸಿಗುವುದಿಲ್ಲ, ಪ್ಲಾಸ್ಟಿಕ್ಕಿನದ್ದು. ಅದರಲ್ಲಿ ತಾಳ ಬರುತ್ತದೆಯೋ ನೋಡೋಣ. ಮುಂದಿನ ಬೆಂಚಿನವರೂ ಬರಬೇಕು. ಮೂರನೆಯ ಚರಣ ನನಗೆ ನಿಜವಾಗಿಯೂ ಮರೆತಿದೆ.